ಎರಡು ಸ್ಪೀಕರು, ಒಂದು ಮೃದಂಗ

ಅಂಬುಜಾಕ್ಷಿಯವರು ತೀರಿಹೋದ ತಂದೆಯ ಮೃದಂಗವಾದನದ ಧ್ವನಿಮುದ್ರಣವನ್ನು ದಿನವೂ ಹಾಕಿಕೊಂಡು ಕೇಳುತ್ತಿದ್ದರು. ಹೊಸ ಮನೆಗೆ ಬಂದು ಸ್ಪೀಕರುಗಳನ್ನು ಮತ್ತೆ ಜೋಡಿಸಿದ ಮೇಲೆ ಎಡಗೈಯ ತಗ್ಗಿನ ನಾದವೇ ಕೇಳಿಸದಾಯಿತು.

“ತಪ್ಪು ಬಲಗಡೆಯವನದು,” ಎಂದು ಎಡ ಸ್ಪೀಕರು ಆಂಪ್ಲಿಫೈಯರಿಗೆ ದೂರು ಹೇಳಿತು. “ನಾನೊಬ್ಬನೇ ನುಡಿದರೆ ಯಾವ ಕೊರತೆಯೂ ಇಲ್ಲ.”

“ಅವನೊಬ್ಬನೇ ನುಡಿದರೂ ಇಲ್ಲ,” ಎಂದಿತು ಆಂಪ್ಲಿಫೈಯರು. “ನಿಮ್ಮಲ್ಲೊಬ್ಬರ ತಂತಿ ತಿರುಗುಮುರುಗಾಗಿದೆ. ಅವನು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ನೀನು ಹಿಂದಕ್ಕೆ ಎಳೆಯುತ್ತೀಯೆ. ತಗ್ಗಿನ ನಾದ ನಿಮ್ಮ ನಡುವೆ ಸತ್ತುಹೋಗುತ್ತಿದೆ. ಯಾರಾದರೊಬ್ಬರು ಬದಲಾದರೆ ಸಾಕು.”

“ಹಾಗಾದರೆ ಅವನೇ ಬದಲಾಗಲಿ.”

“ನಾನೇಕೆ ಬದಲಾಗಬೇಕು?” ಎಂದಿತು ಬಲ ಸ್ಪೀಕರು.

ಎದುರಿಗೆ ಕಣ್ಣು ಮುಚ್ಚಿ ಕೂತಿದ್ದ ಅಂಬುಜಾಕ್ಷಿಯವರು, “ಅಪ್ಪನ ಕೈ ನನಗೆ ಮರೆತೇ ಹೋಗುತ್ತಿದೆ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಎಡ ಸ್ಪೀಕರಿಗೆ ಮತ್ತೆ ವಾದಿಸುವ ಮನಸ್ಸಾಗಲಿಲ್ಲ. “ಅಮ್ಮಾ, ನನ್ನ ಬೆನ್ನಿನ ಎರಡು ತಂತಿಗಳನ್ನು ಅದಲುಬದಲು ಮಾಡಿ,” ಎಂದು ಕೇಳಿಕೊಂಡಿತು.

ಅವರು ಹಾಗೇ ಮಾಡಿದರು. ಮೃದಂಗ ತುಂಬಿಕೊಂಡು ನುಡಿಯಿತು. ಅವರ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ತಾಳ ಹಾಕತೊಡಗಿದವು.

“ಹಾಗಾದರೆ ತಪ್ಪು ನಿನ್ನದೇ ಇತ್ತು,” ಎಂದಿತು ಬಲ ಸ್ಪೀಕರು.

“ಇದ್ದರೂ ಇರಬಹುದು,” ಎಂದು ಹೇಳಿ ಎಡ ಸ್ಪೀಕರು ನುಡಿಯುತ್ತಲೇ ಇತ್ತು.