ಬೇದ ಉಟ್ಟದ್ದು, ಬೇದ ಹೊತ್ತದ್ದು

ನಗುವವರು ನಗಿ, ಜಡೆಮ್ಮನ ಎದುರಿಗೆ ಮಾತ್ರ ಬೇಡ. ಕಾಡಂಚಿನ ಕಾಲೊನಿಯ ಸೋಲಿಗರ ಹೆಂಗಸು ಅವಳು. ಗಂಡ ಸತ್ತ, ಮಂಡಿ ಸೋತವು, ಉಳಿದವನು ಮೂವತ್ತು ದಾಟಿದ ಮಗ ಬೇದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಅತಿಥಿಗಳನ್ನು ಕಾಡಿನೊಳಗೆ ನಡೆಸಿಕೊಂಡು ಹೋಗುವ ಕ್ಯಾಂಪಿನಲ್ಲಿ ಅವನಿಗೊಂದು ಕೆಲಸ ಸಿಗುವಂತಿತ್ತು. ನಾಲ್ಕು ದಿನ ನೋಡ್ತೀನಿ ಅಂದಿದ್ದ ಮ್ಯಾನೇಜರ್ ಬೆಳ್ಯಪ್ಪ. ಅದು ತಪ್ಪಿದರೆ ಜಡೆಮ್ಮನ ಒಲೆಗೆ ಬೆಂಕಿಯಿಲ್ಲ.

"ದೊಡ್ಡವ್ರು ಬತ್ತಾರೆ. ಇರೋದ್ರಲ್ಲಿ ಒಳ್ಳೇದು ಉಟ್ಕಂಡು ಹೋಗು ಮಗ," ಅಂದಳು.

ಉಟ್ಟ. ಬಿಳೀ ಪಂಚೆ, ಬಿಳೀ ಅಂಗಿ, ಸಾಲದ್ದಕ್ಕೆ ಕಿವಿಯಲ್ಲಿ ಸಂಪಿಗೆ, ಮುಖದ ತುಂಬ ಪೌಡರು. ಹರದಾರಿ ದೂರದ ಕಡವೆಗೂ ಮದುಮಗ ಬರುತ್ತಿರುವುದು ಗೊತ್ತಾಯಿತು. ಅತಿಥಿಗಳಿಗೆ ಒಂದು ಬಾಲವೂ ಕಾಣಲಿಲ್ಲ.

"ಏನಯ್ಯ, ಹೆಣ್ಣು ನೋಡೋಕೆ ಹೊರಟಿದ್ಯಾ?" ಅಂದ ಬೆಳ್ಯಪ್ಪ. "ಕಾಡಿನ ಬಣ್ಣ ಹಾಕ್ಕೊಂಡು ಬಾ. ನೀನು ಇದ್ದೀಯ ಅಂತ್ಲೇ ಗೊತ್ತಾಗಬಾರದು."

ಮಾರನೇ ದಿನ ಮೈಗೆಲ್ಲ ಸಗಣಿ ಬಳಿದು, ಸೊಪ್ಪು ಕಟ್ಟಿಕೊಂಡು ಹೋಗಿ ಪೊದೆಯೊಳಗೆ ನಿಂತ. ಅತಿಥಿಗಳು ಬಂದರು. ನಿಂತೇ ಇದ್ದ. ಕರೆದರು. ನಿಂತೇ ಇದ್ದ. ಅವರು ಎರಡು ತಾಸು ಕಾದು, ಕಾಫಿ ಕುಡಿದು ಹೊರಟುಹೋದರು.

"ನಾಕೇ ಮಾರು ದೂರದಲ್ಲಿದ್ದೆ ಕನವ್ವ, ಒಬ್ರಿಗೂ ಗೊತ್ತಾಗ್ಲಿಲ್ಲ," ಅಂತ ಮನೆಗೆ ಬಂದು ಹೆಮ್ಮೆಯಿಂದ ಹೇಳಿದ.

ಜಡೆಮ್ಮ ಹಣೆ ಚಚ್ಚಿಕೊಂಡಳು. "ನಿನ್ ಬಾಯ್ಗೆ ಮಣ್ಣಾಕ. ಅವ್ರ ಕಣ್ಮುಂದೇನೇ ಇರು. ಅವ್ರ ಚೀಲ ನೀನೇ ಹೊರು. ಚೀಲ ಭಾರ ಆಗ್ದಂಗೆ ನೋಡ್ಕೊ, ಏರಲ್ಲಿ ಕಾಲು ಜಾರ್ತದೆ."

ಕಣ್ಮುಂದೇನೇ ಇದ್ದ. ಚೀಲ ಹೊತ್ತ. ಮೊದಲ ಏರಲ್ಲಿ ಭಾರ ಅನ್ನಿಸಿತು, ನೀರು ಚೆಲ್ಲಿದ. ಎರಡನೇ ಏರಲ್ಲಿ ಭಾರ ಅನ್ನಿಸಿತು, ಬುತ್ತಿಯನ್ನು ಬಂಡೆಯ ಮೇಲಿಟ್ಟ. ಮೂರನೇ ಏರಲ್ಲಿ ಔಷಧಿ ಡಬ್ಬಿ, ಮಳೆಯಂಗಿ, ದುರ್ಬೀನು. ಬೆಟ್ಟದ ನೆತ್ತಿಯಲ್ಲಿ ಬಾಯಾರಿದ ಹೆಂಗಸೊಬ್ಬಳು ತೆರೆದು ನೋಡಿದರೆ ಚೀಲದಲ್ಲಿ ಗಾಳಿ.

ಬೆಳ್ಯಪ್ಪ ಹಲ್ಲು ಕಚ್ಚಿದ. "ನಾಳೆ ಕೊನೇ ದಿನ. ನಮ್ಮದು ಒಂದು ಚೂರೂ ಕಾಡಲ್ಲಿ ಬಿಡಬಾರದು. ಕಾಡಿನದು ಒಂದು ಎಲೆಯೂ ಗೇಟು ದಾಟಬಾರದು. ತಿಳೀತಾ?"

"ತಿಳೀತು ಬುದ್ಧಿ."

ನಾಲ್ಕನೇ ದಿನ ಜಡೆಮ್ಮ ಕೋಲೂರಿಕೊಂಡು ಹೋಗಿ ಗೇಟಿನ ಬಳಿ ಕಾದಳು. ನಡಿಗೆ ಚೆನ್ನಾಗಿತ್ತು. ಆನೆ ಕಂಡಿತ್ತು, ಕಾಟಿ ಕಂಡಿತ್ತು. ಅತಿಥಿಗಳು ಬೇದನ ಬೆನ್ನು ತಟ್ಟುತ್ತ ಬಂದರು. ಬೆಳ್ಯಪ್ಪನೂ ನಕ್ಕ. ಆಯಿತು, ಗೆದ್ದೆ ಅಂದುಕೊಂಡಳು ಜಡೆಮ್ಮ.

ಅತಿಥಿಗಳು ಗೇಟು ದಾಟಿದರು. ಬೇದ ಒಳಗೇ ನಿಂತ. ಕ್ಯಾಂಪು ಕೊಟ್ಟ ಹಸಿರು ಅಂಗಿ ಬಿಚ್ಚಿ, ಮಡಿಸಿ, ಗೇಟಿನಾಚೆ ಇಟ್ಟ. ಪ್ಯಾಂಟು ಬಿಚ್ಚಿ ಇಟ್ಟ. ಬೂಟಿನ ಮಣ್ಣನ್ನು ಒಳಕ್ಕೆ ಕೊಡವಿ, ಬೂಟು ಆಚೆ ಇಟ್ಟ.

"ನಿಮ್ದೆಲ್ಲ ಬಂತಾ ಬುದ್ಧಿ?"

"ಹುಚ್ಚು ಹಿಡೀತಾ? ಹೊರಗೆ ಬಾರೋ."

"ನಾನ್ ಹುಟ್ಟಿದ್ದು ಒಳಗೆ, ನಮ್ ಹಟ್ಟಿಯಿದ್ದ ಹಳೇ ಪೋಡಲ್ಲಿ. ಫಾರೆಸ್ಟ್‌ನೋರು ಎಲ್ರನ್ನೂ ಲಾರೀಲಿ ತುಂಬಿ ಆಚೆ ಬುಟ್ಟಾಗ ನಂಗೆ ನಾಕು ವರ್ಸ. ಕಾಡಿಂದು ಗೇಟು ದಾಟ್ಬಾರ್ದು ಅಂದ್ರಲ್ಲ."

ಇದೂ ನಡಿಗೆಯ ಭಾಗವೆಂದುಕೊಂಡು ಅತಿಥಿಗಳು ಚಪ್ಪಾಳೆ ತಟ್ಟಿದರು. ಕಾವಲಿನವನು ಲಾಠಿ ಹುಡುಕಿದ. ಬೇದ ಬರಿಮೈಯಲ್ಲಿ ಎರಡು ಹೆಜ್ಜೆ ಒಳಗೆ ನಡೆದು ತಿರುಗಿ ನಿಂತ.

"ನೀನ್ಯಾಕವ್ವ ಇನ್ನೂ ಆಚೆ ನಿಂತಿದ್ದೀಯೆ?"

ಬೈಯಲು ಬಾಯಿ ತೆರೆದ ಜಡೆಮ್ಮ ಕೋಲನ್ನು ಗೇಟಿನೊಳಗಿನ ಮಣ್ಣಿಗೆ ಊರಿದಳು.

ಬೆಳ್ಯಪ್ಪ ಅಂಗಿ ಎತ್ತಿಕೊಂಡು, ಭುಜದ ಅಳತೆ ನೋಡಿ, ಅಲ್ಲಿ ನಿಂತಿದ್ದವರನ್ನು ಕೇಳಿದ: "ಇದು ಯಾರಿಗೆ ಸರಿಹೋಗುತ್ತೆ?"