ಗಿಳಿ ಪ್ರೊಫೆಸರರ ಒಟ್ಟು ಲೆಕ್ಕ

ಆಲದ ಮರದ ವಿದ್ಯಾಪೀಠದಲ್ಲಿ ಒಂದು ಗಿಳಿ ಇಡೀ ಕಾಡಿನ ಅರ್ಥಶಾಸ್ತ್ರ ಹೇಳಿಕೊಡುತ್ತಿತ್ತು. ಅಲ್ಲಿಯ ಪದ್ಧತಿ ಹೀಗಿತ್ತು: ನುಡಿದ ಭವಿಷ್ಯ ಸುಳ್ಳಾದರೆ, ಏಕೆ ಸುಳ್ಳಾಯಿತೆಂದು ಉಪನ್ಯಾಸ ಕೊಡಬೇಕು, ಉಪನ್ಯಾಸ ಚೆನ್ನಾಗಿದ್ದರೆ ಮೇಲಿನ ಕೊಂಬೆಗೆ ಬಡ್ತಿ. ಗಿಳಿಯ ಭವಿಷ್ಯ ಒಮ್ಮೆಯೂ ನಿಜವಾಗಿರಲಿಲ್ಲ. ಹಾಗಾಗಿ ಅದೀಗ ಎಲ್ಲರಿಗಿಂತ ಮೇಲೆ, ದೊಡ್ಡ ಪೊಟರೆಯಲ್ಲಿ ವಾಸವಾಗಿತ್ತು.

ಅದರ ಮಾತು ನಂಬಿ ಕಾಳು ಕೂಡಿಡದ ಅಳಿಲಮ್ಮನ ಮರಿಗಳು ಈ ಬೇಸಿಗೆಯಲ್ಲಿ ಹಸಿದು ಮಲಗಿದ್ದವು. ಅವಳು ಮರ ಹತ್ತಿ ಬಂದು ಕೇಳಿದಳು: "ಪ್ರೊಫೆಸರೇ, ಕೊರತೆಯೇ ಬರುವುದಿಲ್ಲ ಅಂದಿದ್ದಿರಲ್ಲ?"

"ಬಂದಿಲ್ಲವಲ್ಲಮ್ಮ. ಕಾಡಿನ ಒಟ್ಟು ಕಾಳು ಹೋದ ವರ್ಷಕ್ಕಿಂತ ಹೆಚ್ಚೇ ಇದೆ."

"ನನ್ನ ಗೂಡಿನಲ್ಲಿ ಒಂದೂ ಇಲ್ಲ."

"ಒಂದೊಂದೇ ಗೂಡು ನೋಡುತ್ತಾ ಕೂರುವುದು ಸಣ್ಣವರ ಕೆಲಸ. ನಾನು ನೋಡುವುದು ಒಟ್ಟು."

ಅಳಿಲಮ್ಮ ಪೊಟರೆಯೊಳಗೆ ಇಣುಕಿದಳು. ಬಾಯಿಯವರೆಗೂ ಕಾಳು ತುಂಬಿತ್ತು.

"ಕೊರತೆ ಬರದಿದ್ದರೆ ಇದೇಕೆ?"

"ಅದು ಶಾಸ್ತ್ರ, ಇದು ಸಂಸಾರ," ಎಂದು ಗಿಳಿ ಆ ದಿನದ ಉಪನ್ಯಾಸಕ್ಕೆ ಹಾರಿಹೋಯಿತು. ವಿಷಯ, ಇಲ್ಲದ ಕೊರತೆ ಇದ್ದಂತೆ ಕಾಣುವುದೇಕೆ.

ಚಪ್ಪಾಳೆ ಗಿಟ್ಟಿಸಿಕೊಂಡು ಮರಳಿದಾಗ ಪೊಟರೆ ಗುಡಿಸಿಟ್ಟಂತೆ ಖಾಲಿಯಾಗಿತ್ತು. ಕೆಳಗೆ ಅಳಿಲಿನ ಮರಿಗಳು ಕಾಳಿನ ರಾಶಿಯ ಮುಂದೆ ಊಟಕ್ಕೆ ಕೂತಿದ್ದವು.

"ಕಳ್ಳಿ, ನನ್ನ ಮನೆ ಬರಿದು ಮಾಡಿದೆಯಲ್ಲೇ," ಎಂದು ಗಿಳಿ ಕಿರುಚಿತು.

ಅಳಿಲಮ್ಮ ತಲೆಯೆತ್ತಿ ನಿಧಾನವಾಗಿ ಹೇಳಿದಳು: "ಗಾಬರಿಯಾಗಬೇಡಿ ಪ್ರೊಫೆಸರೇ. ಕಾಡಿನ ಒಟ್ಟು ಲೆಕ್ಕದಲ್ಲಿ ಒಂದು ಕಾಳೂ ಕಮ್ಮಿಯಾಗಿಲ್ಲ."