ನೋಡಿದೋರು ಯಾರಮ್ಮ?

"ಶೋಕಿ ಅಲ್ಲ ಸಾರ್, ಅದೇ ನನ್ನ ಕೆಲಸ!"

ಇನ್ಶೂರೆನ್ಸ್ ಆಫೀಸರ್ ಪಂಚಾಕ್ಷರಯ್ಯ ಇನ್ನೂ ಬಾಯೇ ತೆಗೆದಿರಲಿಲ್ಲ. ಆದ್ರೆ ಅವರು ಏನನ್ಕೊಂಡಿದ್ದಾರೆ ಅಂತ ಮುಖ ನೋಡೇ ಹೊನ್ನಮ್ಮಂಗೆ ಗೊತ್ತಾಯ್ತು. ದಾವಣಗೆರೆಯ ತನ್ನ ಮನೇಲಿ ಅಡುಗೆ ಮಾಡಿ ಯೂಟ್ಯೂಬಲ್ಲಿ ತೋರಿಸೋದೇ ಅವಳ ಹೊಟ್ಟೆಪಾಡು. ಹೋದ ವಾರ ಮೆಣಸಿನಕಾಯಿ ಬಜ್ಜಿ ಕರಿಯೋವಾಗ ಎಣ್ಣೆ ಸಿಡಿದು ಬಲಗೈ ಸುಟ್ಟಿತ್ತು. ಕ್ಲೈಮು ಸಿಗದಿದ್ರೆ ಆಸ್ಪತ್ರೆ ಬಿಲ್ಲಿಗೆ ಕ್ಯಾಮೆರಾನೇ ಮಾರಬೇಕು.

"ಕೆಲಸದ ಟೈಮಲ್ಲಿ ಆದ ಗಾಯಕ್ಕೆ ಮಾತ್ರ ದುಡ್ಡು. ನಿಂಗೆ ಓನರ್ ಇಲ್ಲ, ಮ್ಯಾನೇಜರ್ ಇಲ್ಲ. ನೋಡಿದೋರು ಯಾರಮ್ಮ? ಕಣ್ಣಾರೆ ಕಂಡೋರನ್ನ ಕರ್ಕೊಂಡು ಬಾ. ಎಷ್ಟೇ ಜನ ಬರ್ಲಿ, ಎಲ್ಲರ ಹೇಳಿಕೆನೂ ನಾನೇ ಕೈಯಾರೆ ಬರ್ಕೊತೀನಿ!" ಅಂತ ಸಾಹೇಬರು ಕುರ್ಚಿಗೆ ಒರಗಿ ನಕ್ಕರು.

"ಆಯ್ತು ಸಾರ್," ಅಂದ ಹೊನ್ನಮ್ಮ ಎಡಗೈಯಲ್ಲೇ ಮೊಬೈಲ್ ಒತ್ತಿದಳು.

ಕೈ ಸುಟ್ಟಾಗ ಅವಳು ಲೈವ್‌ನಲ್ಲಿದ್ದಳು ಅಂತ ಸಾಹೇಬರಿಗೇನು ಗೊತ್ತು? ಮಾರನೇ ದಿನ ಆಫೀಸ್ ಮೆಟ್ಟಿಲಿಂದ ಬಸ್ ಸ್ಟಾಪ್ ತನಕ ಆ ಲೈವ್ ನೋಡಿದೋರ ಕ್ಯೂ! ಎಲ್ಲರ ಕೈಯಲ್ಲೂ ಆಧಾರ್ ಜೆರಾಕ್ಸ್!

"ಸುಟ್ಟಿದ್ದು ನಾಲ್ಕನೇ ಬಜ್ಜಿಗಲ್ಲ ಕಣಪ್ಪ, ಐದನೇದಕ್ಕೆ! ಹೊಡೆದುಹಾಕಿ ಸರಿಯಾಗಿ ಬರಿ," ಅಂತ ಹರಿಹರದಿಂದ ಬಂದ ಅಜ್ಜಿ ಗದರಿದಳು.

ಹನ್ನೊಂದನೇ ಹೇಳಿಕೆ ಹೊತ್ತಿಗೆ ಸಾಹೇಬರ ಬೆರಳು ಸೆಟೆದುಕೊಂಡವು. "ಸಾಕಮ್ಮ, ಸಾಕು!"

"ಎಲ್ಲರದ್ದೂ ಬರೀತೀನಿ ಅಂದಿದ್ರಲ್ಲ ಸಾರ್? ಇನ್ನೂ ಮುನ್ನೂರು ಜನ ಇದ್ದಾರೆ. ರಾಣೆಬೆನ್ನೂರು ಬಸ್ಸು ಈಗಷ್ಟೇ ಬಂತು!"

ಸಾಹೇಬರು ದಡಕ್ಕನೆ ಎದ್ದರು. ಕ್ಲೈಮಿನ ಮೇಲೆ ಮಂಜೂರು ಸೀಲ್ ಗುದ್ದಿದರು. ಕಾಗದಾನ ಅವಳ ಎಡಗೈಗೆ ತುರುಕಿ, ಹಿಂಬಾಗಿಲಿಂದ ಆಚೆ ಹೋಗಿ ದಢಾರಂತ ಬಾಗಿಲು ಹಾಕ್ಕೊಂಡ್ರು.